ನೀಲಗಂಗಮ್ಮ ಹೃದಯ ಬಿಡಿಸಿದ್ದು

"ಇದು ಹೃದಯ ಅಲ್ಲತ್ತಿ, ಬದನಿಕಾಯಿ," ಎಂದಳು ಕಾವ್ಯ.

ನೀಲಗಂಗಮ್ಮ ನೋಟ್‌ಬುಕ್ಕನ್ನು ಮಾರುದೂರ ಹಿಡಿದು ನೋಡಿದಳು. ಅರವತ್ತೆರಡು ವರ್ಷಕ್ಕೆ ಮೊದಲ ಸಲ ಪೆನ್ನು ಹಿಡಿದ ಕೈ ಅದು. ಕಂಪ್ಲಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿರುವ ತಮ್ಮನ ಮಗಳು ಕಾವ್ಯ ಭಾನುವಾರ ಮೆಟ್ರಿ ಊರಿನ ಮನೆಯಲ್ಲಿ ಸಿಕ್ಕಿದ್ದೇ ತಡ, ನೀಲಗಂಗಮ್ಮ ಬೆಳಗಿನಿಂದ ಅವಳ ಬೆನ್ನು ಹತ್ತಿದ್ದಳು: "ನಿಮ್ಮ ಸಣ್ಣ ಹುಡುಗ್ರಿಗೆ ಮೊದ್ಲ ಕಲಿಸ್ತೀಯಲ್ಲ ಆ ಚಿತ್ರ, ಅದನ್ನ ನನಗ ಕಲಿಸವ್ವ."

ಕಾವ್ಯ ಗಂಟಲು ಸರಿಮಾಡಿಕೊಂಡು ಮೊಬೈಲ್ ವಿಡಿಯೋದವರ ದನಿ ತೆಗೆದಳು. "ಹಾಯ್ ಫ್ರೆಂಡ್ಸ್! ಇವತ್ತು ಬಿಗಿನರ್ಸ್‌ಗೋಸ್ಕರ ತುಂಬಾ ಸಿಂಪಲ್ಲಾಗಿ ಹಾರ್ಟ್ ಬಿಡಿಸೋದು ಹೇಗೆ ಅಂತ ನೋಡೋಣ! ನಡುವೆ ಒಂದು ಗೀಟು. ಈ ಕಡೆ ಒಂದು ಗುಡ್ಡ, ಆ ಕಡೆ ಒಂದು ಗುಡ್ಡ. ಎರಡೂ ಗುಡ್ಡ ಇಳಿದು ಕೆಳಗೆ ಒಂದೇ ಕಡೆ ಕೂಡಬೇಕು, ಓಕೆ ನಾ?" ಆಮೇಲೆ ತನ್ನ ದನಿಗೆ ಮರಳಿ, "ಬರಲಿಲ್ಲಂದ್ರ ಎಲಿಅಡಿಕಿ ಡಬ್ಬಿ ತಾ. ವೀಳ್ಯದೆಲಿ ಇಟ್ಟು ಸುತ್ತ ಗೀರಿದ್ರಾತು," ಎಂದಳು.

"ಬ್ಯಾಡ. ಎಲಿ ಇಟ್ಟು ಯಾರ್ ಬೇಕಾದ್ರೂ ಗೀರ್ತಾರ. ನನ್ನ ಕೈಯಾಗs ಬರಬೇಕು."

ಏಳು ಸಲ ಹೃದಯ ವೈಫಲ್ಯವಾಯಿತು. ಎಂಟನೆಯದು ಎಡಕ್ಕೆ ತುಸು ವಾಲಿದರೂ ನಿಂತಿತು. ಒಂಬತ್ತನೆಯದೂ ಅದೇ ಕಡೆಗೆ ವಾಲಿತು, ಹತ್ತನೆಯದೂ.

"ಮಸ್ತ್ ಬಂತತ್ತಿ! ಈಗ ಹೇಳು, ಯಾರಿಗಿದು? ರೈಸ್‌ಮಿಲ್ ಕೊಟ್ರಯ್ಯಜ್ಜಗೇನು? 'ಏನ್ ನೀಲಗಂಗಮ್ಮಾರs, ಅರಾಮದೀರಿ?' ಅಂತ ಮೀಸಿ ತಿರುವ್ತಾನಲ್ಲ!" ಕೊಟ್ರಯ್ಯನ ಒಡಕು ದನಿ ಅವಳ ಬಾಯಿಂದ ಥೇಟ್ ಹಾಗೇ ಬಂತು.

"ಥೂ, ನಿನ್ನ ಬಾಯಿಗೆ! ಇದು ನನ್ನ ಸಹಿ."

"ಸಹೀನಾ? ಹೆಸರು ಬರಿಯಾಕ ಕಲಿಸ್ತಿದ್ನಲ್ಲ."

"ನನ್ನ ಹೆಸರು ಗೂಡ್ಸ್ ರೈಲಿದ್ದಂಗ ಐತಿ. ಡಬ್ಬಿ ಎಣಿಸೋದ್ರಾಗ ಸಾಯ್ತೀನಿ. ನನಗ ಜಲ್ದಿ ಬೇಕು." ನೀಲಗಂಗಮ್ಮ ಹನ್ನೊಂದನೆಯದಕ್ಕೆ ಗೀಟು ಎಳೆದಳು. "ಹೋದ ಅಮಾಸಿಗೆ ನನಗ ಜ್ವರ ಬಂದಿತ್ತು. ಗುಳಿಗಿ ತಗೊಂಡು, ಉಂಡು ಮಲಗಿದೆ. ಹೊತ್ತಿಳಿಯೋ ಹೊತ್ತಿಗೆ ಎದ್ದು ನೋಡಿದ್ರ, ಹೆಬ್ಬೆಟ್ಟು ನೀಲಿ."

"ಬಟ್ಟಿಗೆ ಹಾಕೋ ನೀಲಿ ಇರಬೇಕು ತಗೊ."

"ಜ್ವರ ಬಂದು ಮಲಗಿದಾಕಿ ಬಟ್ಟಿ ಒಗೀತಾಳೇನು?"

"ಮತ್ತ ಯಾರತ್ತಿ?"

"ನಾ ಮಲಗಿದ್ನಲ್ಲವ್ವ. ಹೆಂಗ ಹೇಳ್ಲಿ? ಹೆಬ್ಬೆಟ್ಟು ಮಲಗಿದ್ರೂ ಒತ್ತತೈತಿ. ಈ ಚಿತ್ರ ನಾ ಎದ್ದಿದ್ರ ಅಷ್ಟ ಬರತೈತಿ. ನಾಳೆ ಬ್ಯಾಂಕಿಗೆ, ಪಂಚಾಯ್ತಿಗೆ ನೀನs ಕರ್ಕೊಂಡು ಹೋಗು. ಇನ್ನ ಮ್ಯಾಲೆ ನೀಲಗಂಗಮ್ಮ ಅಂದ್ರ ಇದು ಅಂತ ಬರೆಸಿ ಬರ್ತೀನಿ."

ಅತ್ತೆಗೆ ವಯಸ್ಸಾಯಿತು ಎಂದುಕೊಂಡ ಕಾವ್ಯಳಿಗೆ ನಗು ಬಂತು. ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಕಿಟಕಿಯ ಆಚೆ, ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಬಿಚ್ಚುತ್ತ ಅವಳ ಅಪ್ಪ ವಿರುಪಾಕ್ಷಪ್ಪ ಫೋನಿನಲ್ಲಿ ಮಾತಾಡುತ್ತಿದ್ದ. ನೆಟ್‌ವರ್ಕ್ ಕಿವುಡು ಎಂಬಂತೆ ಕೂಗುವುದು ಅವನ ಅಭ್ಯಾಸ.

"ಹೂನ್ರಿ, ಬಾಂಡ್ ರೈಟರ್ರs... ಅಕ್ಕನ ಎರಡೆಕರಿ ಹೊಲದ ಹಕ್ಕು ಬಿಟ್ಟ ಪತ್ರ ಐತಲ್ರಿ... ಆವತ್ತು ಒತ್ತಿಸಿದ ಹೆಬ್ಬೆಟ್ಟು ಮಸುಕಾಗೈತಿ ಅಂದ್ರಲ್ಲ, ಇವತ್ತು ಇನ್ನೊಂದು ಒತ್ತಿಸ್ಕೊಂಡು ಬರ್ತೀನಿ. ಸ್ವಲ್ಪ ತಡೀರಿ, ಆಕಿ ಉಂಡು ಮಲಗ್ಲಿ."

ಕಾವ್ಯಳ ಮುಖದ ಮೇಲೆ ಅರ್ಧ ನಗು ಹಾಗೇ ನಿಂತುಬಿಟ್ಟಿತು. ಅಪ್ಪನ ದನಿ. ಅಣಕಿಸಿ ಅಣಕಿಸಿ ಬಾಯಿಪಾಠವಾದ ದನಿ. ಬೇರೆ ಯಾರದೋ ಇರಬೇಕು ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲೂ ದಾರಿ ಇರಲಿಲ್ಲ. ಗಂಡ ಸತ್ತು ತವರಿಗೆ ಬಂದ ಮಗಳ ಹೆಸರಿಗೆಂದೇ ಅಜ್ಜ ಬರೆದಿಟ್ಟಿದ್ದ ಎರಡೆಕರೆ ಅದು. ಈ ಮನೆಯಲ್ಲಿ ಅತ್ತೆಯದು ಅನ್ನುವಂಥದ್ದು ಅದೊಂದೇ.

ಅವಳು ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ನೀಲಗಂಗಮ್ಮ ತಲೆ ಎತ್ತಿರಲಿಲ್ಲ. ಹನ್ನೊಂದನೆಯದರ ಎರಡನೆಯ ಗುಡ್ಡವನ್ನು ಇಳಿಸುತ್ತಿದ್ದಳು. ಪೆನ್ನು ಮಾತ್ರ ಹಾಳೆಯನ್ನು ಹರಿಯುವಷ್ಟು ಒತ್ತಿ ಓಡುತ್ತಿತ್ತು.

"ನಿನಗ ಗೊತ್ತಿತ್ತಾ ಅತ್ತಿ?"

"ಸಣ್ಣಾವಿದ್ದಾಗ ಎತ್ತಿ ಆಡಿಸಿದ ತಮ್ಮ ಅಂವ. ಗೊತ್ತಾಗೋದು ಬ್ಯಾಡ ಅಂತನs ಸುಮ್ಮನಿದ್ದೆ."

ವಿರುಪಾಕ್ಷಪ್ಪ ಒಳಗೆ ಬಂದ. ಬಿಳಿ ಅಂಗಿಯ ಜೇಬು ಇಂಕ್‌ಪ್ಯಾಡಿನಷ್ಟು ಚೌಕಾಕಾರವಾಗಿ ಉಬ್ಬಿತ್ತು. ಮಗಳನ್ನು ಕಂಡು ಒಂದು ಗಳಿಗೆ ತಡವರಿಸಿದ; ಆಮೇಲೆ ಅಕ್ಕನ ಕಡೆ ನೋಡಿ, ಬಲು ಅಕ್ಕರೆಯಿಂದ ಕೇಳಿದ:

"ಅಕ್ಕಾ, ಊಟಾತೇನು?"

ಕಾವ್ಯ ಅತ್ತೆಯ ಪಕ್ಕಕ್ಕೆ ಸರಿದು ಕುಳಿತಳು. ನೀಲಗಂಗಮ್ಮ ಹೃದಯದ ಚೂಪನ್ನು ಕೂಡಿಸಿ, ಪೆನ್ನಿನ ಕ್ಯಾಪು ಹಾಕಿದಳು.

"ಇವತ್ತು ನೀನs ಮೊದ್ಲು ಉಂಡು ಮಲಗಪ್ಪ. ನಾವಿಬ್ರೂ ಎದ್ದಿರ್ತೀವಿ."