ಹೆಪ್ಪಿಗೆ ತಂದ ನುಸಿ

ಮಳೆಗಾಲ ಹಿಂದೆ ಸರಿದು ಶೇಂಗಾ ಕೀಳುವ ಕೆಲಸ ನಡೆದಿತ್ತು. ಆ ಸೀಮೆಯಲ್ಲಿ ಮನೆತನಕ್ಕೊಂದು ಜ್ವರ. ಮನೆಯ ಗಡಿಗೆಯಲ್ಲಿ ಸಾಕಿದ ನುಸಿಗಳಿಂದ, ಅಂದರೆ ಸೊಳ್ಳೆಗಳಿಂದ, ವರ್ಷದ ಕಡಿತ ಹಾಕಿಸಿಕೊಂಡು, ತಮ್ಮ ಮನೆತನದ ಜ್ವರ ಮುಗಿಸಿಯೇ ಜನ ಹೊಲಕ್ಕಿಳಿದಿದ್ದರು. ತಾಯಿ ನುಸಿಯ ಜ್ವರ ಮೊಟ್ಟೆಯೊಳಗೇ ಮರಿಗಳಿಗೆ ಇಳಿಯುತ್ತಿದ್ದುದರಿಂದ ಒಂದು ಮನೆಯ ಜ್ವರ ಇನ್ನೊಂದಕ್ಕೆ ಬೆರೆಯುತ್ತಿರಲಿಲ್ಲ. ಒಂದೇ ಗೋತ್ರದವರಂತೆ, ಒಂದೇ ಜ್ವರದ ಎರಡು ಮನೆಗಳು ಬೀಗತನ ಮಾಡುತ್ತಿರಲಿಲ್ಲ.

ಪಕ್ಕದೂರಿನ ಫಕೀರವ್ವ ತನ್ನ ಮಗನಿಗೆ ದ್ಯಾಮವ್ವನ ಮಗಳು ಸಾವಂತ್ರಿಯನ್ನು ಕೇಳಲು ಹೊಲಕ್ಕೇ ಬಂದಳು. ಹುಡುಗ ಹುಡುಗಿ ಆಗಲೇ ಒಪ್ಪಿಕೊಂಡಿದ್ದರು.

"ನಿಮ್ಮ ಜ್ವರದ ಗುಣಾ ಹೆಂಗವ್ವಾ?" ಎಂದು ಫಕೀರವ್ವ ಕೇಳಿದಳು.

"ಭಾಳ ಮರ್ಯಾದಸ್ಥ ಜ್ವರ ಐತ್ರಿ. ಕೋಳಿ ಕೂಗೂದಕ್ಕ ನಡಗಸ್ತೈತಿ, ಹೊತ್ತೇರಿದ ಮ್ಯಾಲೆ ಹುಣಸಿಕಾಯಿ ಬೇಡತೈತಿ," ಎಂದಳು ದ್ಯಾಮವ್ವ.

ಫಕೀರವ್ವ ಸುಲಿಯುತ್ತಿದ್ದ ಶೇಂಗಾ ಕೆಳಗಿಟ್ಟಳು. "ಹುಣಸಿಕಾಯಿ ಬೇಡೂದು ನಮ್ಮ ಜ್ವರ! ನಮ್ಮ ಗಡಿಗಿಗೆ ಇರುವಿ ಹೊಕ್ಕು ನುಸಿ ಎಲ್ಲಾ ಸತ್ತಾವು ಅಂತ ನಮ್ಮತ್ತಿ ಕಡೆ ಹೆಪ್ಪಿಗೆ ಒಂದು ನುಸಿ ಇಸಗೊಂಡು ಹೋದಾಕಿ ನೀನs ಏನು? ತಿರುಗಿ ಕೊಡಲಿಲ್ಲ ಅಂತ ಸಾಯೂತನಕ ಬೈತಿದ್ಲು. ಇನ್ನ ಈ ಸಂಬಂಧ ಆಗಂಗಿಲ್ಲ."

"ಹೌದ್ರಿ, ನಾನs," ಎಂದು ದ್ಯಾಮವ್ವ ಒಪ್ಪಿಕೊಂಡಳು. ಸಾವಂತ್ರಿ ಕೈಯಲ್ಲಿದ್ದ ಬಳ್ಳಿ ಬಿಸಾಕಿ ಮನೆಗೆ ಓಡಿ, ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಫಕೀರವ್ವನ ಮುಂದಿಟ್ಟಳು.

"ಒಂದು ನುಸಿ ತಂದಿದ್ವಿ, ಮಕ್ಕಳು ಮೊಮ್ಮಕ್ಕಳ ಸಮೇತ ತಗೋರಿ. ಈಗ ನಮ್ಮ ಮನ್ಯಾಗ ಯಾವ ಜ್ವರಾನೂ ಇಲ್ಲ."

ಫಕೀರವ್ವ ಗಡಿಗೆಯೊಳಗೆ ಇಣುಕಿ ನೋಡಿದಳು. "ನಮ್ಮತ್ತಿ ಸಾಲ ಪೂರ್ತಿ ಬಂತು ಬಿಡು," ಎಂದಳು.

"ಎಲ್ಲಿ ಪೂರ್ತಿ, ಅತ್ತೀ? ಅದs ಜ್ವರದಾಗ ಬೆಳದಾಕಿ ನಾ ಇನ್ನೂ ಇಲ್ಲೇ ಅದೇನಿ. ನನ್ನೂ ಒಯ್ಯಿರಿ."