ಸುಬೆರು ಅಂದರೆ

ಹುಳು ಮನೆಯೊಳಗೆ ಒಬ್ಬರೇ ಹೋಗಿ ನೋಡಿ ಹೊರಬಂದ ಜಪಾನಿನ ರೇಷ್ಮೆ ತಜ್ಞ ಮಿಯಾಸಕಾ, ಮುಖ ಕಿವುಚಿಕೊಂಡು ಒಂದೇ ಮಾತು ಹೇಳಿದರು. “ಸುಬೆರಿಮಾಶ್ತ.”

ಅಂಗಳದಲ್ಲಿ ನಿಂತಿದ್ದ ಪುಟ್ಟಗೌರಮ್ಮ ದುಭಾಷಿ ಸಮದ್ ಅವರ ಕಡೆ ತಿರುಗಿದಳು. ಸಮದ್ ಚನ್ನಪಟ್ಟಣದಲ್ಲಿ ನೂಲು ಬಿಚ್ಚುವ ಕಸುಬಿನವರು. ತರಬೇತಿಗೆಂದು ಆರು ತಿಂಗಳು ಜಪಾನಿನಲ್ಲಿ ಇದ್ದು ಬಂದಿದ್ದರು. ಅವರು ಕಣ್ಣು ತಗ್ಗಿಸಿದರು. “ಫೇಲ್ ಅಂತವ್ರೆ ಕಣಮ್ಮ.”

ತಜ್ಞರು ಹುಳು ಮನೆಯನ್ನು ಒಪ್ಪಿದರೆ ಬಿಳಿ ಗೂಡಿನ ಹೊಸ ತಳಿಯ ಮೊಟ್ಟೆಯನ್ನು ವಿರೂಪಾಕ್ಷಿಪುರದ ಕಡೆ ಮೊದಲು ಪುಟ್ಟಗೌರಮ್ಮನಿಗೇ ಕೊಡುವುದೆಂದು ಮಾತಾಗಿತ್ತು. ಒಂಟಿ ಹೆಂಗಸಿಗೆ ಇಂಥ ನಾಜೂಕಿನ ಹುಳು ಎಲ್ಲಿ ಒಗ್ಗೀತು ಎಂದು ಊರ ಗಂಡಸರು ಆಡಿಕೊಂಡಿದ್ದರು. ಅವಳು ಕುರಿ ಮಾರಿ ಬೇರೆ ಹುಳು ಮನೆಯನ್ನೇ ಕಟ್ಟಿಸಿದ್ದಳು. ಮೂರು ದಿನದಿಂದ ಬ್ಲೀಚಿಂಗ್ ನೀರು ಸುರಿದು ನೆಲ ತಿಕ್ಕಿದ್ದಳು, ಈ ಬೆಳಿಗ್ಗೆ ಇನ್ನೊಂದು ಸಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು, “ಏನ್ ತೆಪ್ಪಾಯ್ತು ಅಂತ ಒಸಿ ಕೇಳಿ ಸಾಬ್ರೇ. ತಿದ್ಕೋತೀನಿ.”

ಅವಳ ಕಣ್ಣೀರು ಕಂಡು ಮಿಯಾಸಕಾ ಗಾಬರಿಯಾದರು. ಅಲ್ಲವೆಂದು ಜೋರಾಗಿ ತಲೆಯಾಡಿಸಿ, ಬೆನ್ನು ತಿರುಗಿಸಿ, ಪ್ಯಾಂಟಿನ ಹಿಂಬದಿ ತೋರಿಸಿದರು. ಪೂರಾ ಒದ್ದೆ. ಆಮೇಲೆ ಅರವತ್ತರ ಆ ಮನುಷ್ಯ ಎರಡೂ ಕೈ ಚಾಚಿ, ಒಂದು ಕಾಲು ಹಿಂದಕ್ಕೆತ್ತಿ, ತೇಲುವವರ ಹಾಗೆ ನಾಲ್ಕು ಹೆಜ್ಜೆ ಬಂದು ದೊಪ್ಪನೆ ಕೂತುಬಿಟ್ಟರು. “ಸುಬೆರು,” ಎಂದು ನಕ್ಕರು. “ಸುಕೇಟೊ.”

ಸಮದ್ ಹಣೆ ಚಚ್ಚಿಕೊಂಡರು. ಜಪಾನಿನಲ್ಲಿ ಅವರು ಇಳಿದುಕೊಂಡಿದ್ದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳಿದ್ದಳು. ಅವಳೆದುರು ‘ಸುಬೆರು’ ಅನ್ನಕೂಡದು, ಫೇಲಾಗುವುದೆಂದು ಅರ್ಥ ಬರುತ್ತದೆ ಎಂದು ಮನೆಯವರು ಎಚ್ಚರಿಸಿದ್ದರು. ಆ ಮಾತಿನ ಮೂಲ ಅರ್ಥ ಜಾರುವುದು ಎಂದು ಅವರಿಗೆ ಹೊಳೆದದ್ದು ಈಗ. ತಜ್ಞರನ್ನು ಮತ್ತೆ ಕೇಳಿ ಖಚಿತ ಮಾಡಿಕೊಂಡರು.

“ಒಳಗೆ ಜಾರ್ ಬಿದ್ರಂತೆ ಕಣಮ್ಮ, ಅಷ್ಟೇಯ. ಇಷ್ಟ್ ಚೊಕ್ಕವಾದ ಹುಳು ಮನೆ ಈ ಕಡೆ ನೋಡೇ ಇಲ್ವಂತೆ. ಮೊಟ್ಟೆ ನಿಮ್ಗೇಯ.”

ಪುಟ್ಟಗೌರಮ್ಮ ಜಗಲಿಯ ಮೇಲೆ ಕೂತಳು. ಅಳುವೂ ನಗುವೂ ಒಟ್ಟಿಗೇ ಬಂದವು. ಸುಧಾರಿಸಿಕೊಂಡು ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ಆ ಸುಕೇಟೊ ಅಂದರೇನೆಂದು ವಿಚಾರಿಸಿದಳು. ಮಿಯಾಸಕಾ ಹೇಳಿದ್ದನ್ನು ಸಮದ್ ಬಿಡಿಸಿ ಹೇಳಿದರು. ತಜ್ಞರದ್ದೂ ರೇಷ್ಮೆಯ ಊರೇ. ಚಳಿಗಾಲದಲ್ಲಿ ಅಲ್ಲಿನ ಕೆರೆ ಹೆಪ್ಪುಗಟ್ಟಿ ಬಂಡೆಯಾಗುತ್ತದೆ. ಅವರ ತಾಯಿ ನೂಲಿನ ಕಾರ್ಖಾನೆಯಲ್ಲಿ ಕೂಲಿಯಾಗಿದ್ದಳು. ದಿನವಿಡೀ ಬೆರಳು ಕುದಿನೀರಿನಲ್ಲಿ, ಎಳೆ ಕಡಿದರೆ ಬೈಗುಳ. ರಜೆ ಬಂತೆಂದರೆ ಮರದ ಚಪ್ಪಲಿಯಡಿಗೆ ಕಬ್ಬಿಣದ ಪಟ್ಟಿ ಬಡಿದುಕೊಂಡು, ಗೆಳತಿಯರ ಜೊತೆ ಆ ಕೆರೆಯ ಮೇಲೆ ಜಾರಲು ಹೋಗುತ್ತಿದ್ದಳು. ಆ ಜಾರಾಟಕ್ಕೇ ಸುಕೇಟೊ ಅನ್ನುವುದು.

“ಬೀಳ್ತಿರ್ನಿಲ್ವಾ ನಿಮ್ಮವ್ವ?”

ಮಿಯಾಸಕಾ ಲೋಟ ಕೆಳಗಿಟ್ಟು ಮೆಲ್ಲಗೆ ಏನೋ ಹೇಳಿದರು. ಸಮದ್ ಅದನ್ನು ಕನ್ನಡಕ್ಕೆ ತಂದರು.

“ಬಾಳ ಬೀಳ್ತಿದ್ರಂತೆ. ಬಿದ್ರೆ ಯಾರೂ ಬೈಯದೆ ಇದ್ದ ಜಾಗ ಅದೊಂದೇ ಅಂತೆ.”