ತಟ್ಟೆಗೆ ಬೀಳದ ಬೀಜ

"ಈ ಐಸು ಪೂರ್ತಿ ಕರಗಿದ್ರೆ ನೀರು ಚೆಲ್ಲುತ್ತಾ, ಇಲ್ವಾ?"

ಇಷ್ಟು ಕೇಳಿ ವನಿತಾ ಟೀಚರ್ ಸುಮ್ಮನಾದರು. ಏಳನೇ ತರಗತಿಯ ಇಪ್ಪತ್ತಾರು ಮಕ್ಕಳೂ ಸುಮ್ಮನಾದರು. ಮೇಜಿನ ಮೇಲೆ ಗಾಜಿನ ಲೋಟ, ಅದರ ಅಂಚಿನವರೆಗೂ ನೀರು, ನೀರಿನಿಂದ ತಲೆ ಹೊರಗಿಟ್ಟು ತೇಲುತ್ತಿದ್ದ ಒಂದು ಐಸ್ ತುಂಡು. ಉತ್ತರಹಳ್ಳಿ ಬಸ್‌ಸ್ಟಾಪಿನ ಕಬ್ಬಿನಹಾಲಿನ ಗಾಡಿಯಲ್ಲಿ ಕೇಳಿ, ಫ್ಲಾಸ್ಕಿಗೆ ಹಾಕಿಸಿಕೊಂಡು ತಂದದ್ದು.

ಹಿಂದಿನ ಬೆಂಚಿನಲ್ಲಿ ತಪಾಸಣೆಗೆ ಬಂದ ಶಿಕ್ಷಣಾಧಿಕಾರಿ ಚಿಕ್ಕಬೈರಪ್ಪ ಕೂತಿದ್ದರು. ಪಕ್ಕದಲ್ಲಿ ನಿಂತ ಮುಖ್ಯೋಪಾಧ್ಯಾಯಿನಿ ವಿಜಯಲಕ್ಷ್ಮಿ ಸೆರಗಿನ ತುದಿ ಹಿಂಡುತ್ತಿದ್ದರು. "ಇವತ್ತೊಂದಿನ ನಿನ್ನ ಮೌನವ್ರತ ಬಿಡಮ್ಮ. ನೀನು ಕೇಳು, ಮಕ್ಕಳು ಒಟ್ಟಿಗೆ ಉತ್ತರ ಕೂಗ್ಲಿ. ಇಲ್ದಿದ್ರೆ ಸೋಮವಾರದಿಂದ ಈ ಕ್ಲಾಸು ಬೇರೆಯವರಿಗೆ ಕೊಡಿ ಅಂತ ಬರೆದು ಹೋಗ್ತಾರೆ" ಎಂದು ಬೆಳಿಗ್ಗೆಯೇ ವನಿತಾರನ್ನು ಎಚ್ಚರಿಸಿದ್ದರು. ವನಿತಾ ಒಪ್ಪಿಯೂ ಇದ್ದರು. ಆದರೆ ಮಕ್ಕಳ ಮುಖ ಕಂಡ ಮೇಲೆ ಆಗಲಿಲ್ಲ. ಬೇಗ ಬಂದ ಒಂದು ಉತ್ತರ ಮಿಕ್ಕ ಇಪ್ಪತ್ತೈದು ಮಕ್ಕಳ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೇ ಅವರ ತರಗತಿಯಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದು ಹುಣಸೆ ಬೀಜ. ಯೋಚನೆ ಮುಗಿದವರು ಎದ್ದು ಬಂದು ಅದನ್ನು ಸ್ಟೀಲ್ ತಟ್ಟೆಗೆ ಹಾಕಬೇಕು. ಕೊನೆಯ ಬೀಜ ಬೀಳುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ.

ಟಣ್. ಒಂದು ಬೀಜ ಬಿತ್ತು. ತುಂಬ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ. ಮತ್ತೆ ನಿಶ್ಶಬ್ದ. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಚಿಕ್ಕಬೈರಪ್ಪ ವಾಚು ನೋಡಿಕೊಂಡರು, ಕೆಮ್ಮಿದರು, ಕೊನೆಗೆ ತಡೆಯಲಾಗದೆ ಕೂಗಿಯೇಬಿಟ್ಟರು.

"ಏನ್ರೋ, ಇಷ್ಟು ಸುಲಭದ್ದು ಗೊತ್ತಾಗಲ್ವಾ? ಐಸು ಕರಗುತ್ತೆ, ನೀರು ಜಾಸ್ತಿ ಆಗುತ್ತೆ, ಚೆಲ್ಲುತ್ತೆ! ಎಲ್ಲಾರೂ ಹೇಳಿ, ಚೆಲ್ಲುತ್ತೆ!"

ಒಬ್ಬರೂ ಹೇಳಲಿಲ್ಲ. ಅವರ ಮುಂದಿನ ಬೆಂಚಿನಲ್ಲಿದ್ದ ಕಲ್ಯಾಣಿ ತಿರುಗಿ, ತುಟಿಯ ಮೇಲೆ ಬೆರಳಿಟ್ಟಳು. ಜಾಮಿಟ್ರಿ ಬಾಕ್ಸಿನಿಂದ ಇನ್ನೊಂದು ಹುಣಸೆ ಬೀಜ ತೆಗೆದು ಅವರ ಅಂಗೈಯಲ್ಲಿಟ್ಟು ಪಿಸುಗುಟ್ಟಿದಳು: "ಸಾರ್, ಯೋಚನೆ ಮುಗಿದ್ಮೇಲೆ ಇದನ್ನ ತಟ್ಟೆಗೆ ಹಾಕ್ಬೇಕು. ಆಮೇಲೇ ಮಾತು."

"ನನ್ನ ಯೋಚನೆ ಮುಗೀತಲ್ಲಮ್ಮ."

"ಹಂಗಾದ್ರೆ ಎದ್ದು ಹೋಗಿ ಹಾಕಿ ಸಾರ್. ನಾನಿನ್ನೂ ಹಾಕಿಲ್ಲ."

ವಿಜಯಲಕ್ಷ್ಮಿ ಕಣ್ಣು ಮುಚ್ಚಿಕೊಂಡರು. ಚಿಕ್ಕಬೈರಪ್ಪ ನಿಜವಾಗಿಯೂ ಎದ್ದರು. ತಟ್ಟೆಯ ಕಡೆ ಹೋಗುತ್ತಿದ್ದವರು ಲೋಟದ ಹತ್ತಿರ ತಡೆದು ನಿಂತರು. ಐಸು ಕರಗಿ ಗೋಲಿಯಷ್ಟಾಗಿತ್ತು. ನೀರು ಮಾತ್ರ ಇದ್ದಲ್ಲೇ ಇತ್ತು. ಅವರು ಬಗ್ಗಿ, ಗಲ್ಲವನ್ನು ಮೇಜಿಗೆ ತಾಗಿಸಿ ನೋಡತೊಡಗಿದರು. ಒಬ್ಬೊಬ್ಬರಾಗಿ ಮಕ್ಕಳೂ ಬಂದು ಸುತ್ತ ಬಗ್ಗಿದರು. ಗೋಲಿಯಷ್ಟಿದ್ದದ್ದು ಬಟಾಣಿಯಷ್ಟಾಯಿತು, ಸಾಸಿವೆಯಷ್ಟಾಯಿತು, ಇಲ್ಲವಾಯಿತು. ಲೋಟದ ಹೊರಮೈ ಸ್ವಲ್ಪ ಬೆವರಿತ್ತು, ಅಷ್ಟೆ. ಅಂಚಿನಿಂದ ಒಂದು ಹನಿಯೂ ಇಳಿಯಲಿಲ್ಲ.

"ಸಾರ್ ಔಟ್!" ಎಂದ ಮೋಹಿತ್. ಹೇಳಿದ ಮೇಲೆ ಹೆದರಿ ಬಾಯಿ ಮುಚ್ಚಿಕೊಂಡ. ಆದರೆ ಎಲ್ಲರಿಗಿಂತ ಮೊದಲು, ಹೊಟ್ಟೆ ಕುಲುಕುವಂತೆ ನಕ್ಕವರು ಚಿಕ್ಕಬೈರಪ್ಪನವರೇ. ಆಮೇಲೆ ಇಡೀ ತರಗತಿ ನಕ್ಕಿತು, ಕಿಟಕಿಯಾಚೆ ಇಣುಕುತ್ತಿದ್ದ ಆರನೇ ತರಗತಿಯವರೂ ಏನೆಂದು ತಿಳಿಯದೆ ನಕ್ಕರು.

ನಗು ಇಳಿಯುವವರೆಗೆ ವನಿತಾ ಕಾದರು. "ಯಾಕೆ ಚೆಲ್ಲಲಿಲ್ಲ?" ಎಂದರು. ಮತ್ತೆ ಸುಮ್ಮನಾದರು. ಬೀಜ ಹಾಕಿದ್ದ ಮಕ್ಕಳು ತಟ್ಟೆಯಿಂದ ಒಂದೊಂದು ಎತ್ತಿಕೊಂಡರು, ಎಲ್ಲರೂ ಸದ್ದಿಲ್ಲದೆ ತಮ್ಮ ಜಾಗಗಳಿಗೆ ಮರಳಿದರು.

ಚಿಕ್ಕಬೈರಪ್ಪ ಹೊರಡುವ ಹೊತ್ತಾಗಿತ್ತು. ವರಾಂಡದಲ್ಲಿ ಅವರ ಹಿಂದೆಯೇ ಓಡುತ್ತ ವಿಜಯಲಕ್ಷ್ಮಿ ಸಮಾಧಾನ ಹೇಳಲು ನೋಡಿದರು. "ತಪ್ಪು ತಿಳೀಬೇಡಿ ಸಾರ್. ಅದು ಯಾಕೆ ಚೆಲ್ಲಲಿಲ್ಲ ಅಂದ್ರೆ, ಐಸು ಇದೆಯಲ್ಲ…"

"ಅಯ್ಯೋ, ಹೇಳ್ಬೇಡಿ ಮೇಡಂ!" ಚಿಕ್ಕಬೈರಪ್ಪ ಗಕ್ಕನೆ ನಿಂತರು. "ಆ ಟೀಚರನ್ನ ಆ ಕ್ಲಾಸಿಂದ ಎಲ್ಲೂ ಕದಲಿಸ್ಬೇಡಿ. ನಾನು ಮತ್ತೆ ಬರ್ಬೇಕು."

ಮುಚ್ಚಿದ್ದ ಮುಷ್ಟಿ ಬಿಚ್ಚಿ ತೋರಿಸಿದರು. ಅಂಗೈಯ ಬೆವರಿನಲ್ಲಿ ಹುಣಸೆ ಬೀಜ ಮಿರಮಿರ ಹೊಳೆಯುತ್ತಿತ್ತು.

"ನಾನಿನ್ನೂ ಹಾಕಿಲ್ಲ."